ಕಾಲರ್ ಟೈಲರ್ ಬಿಟ್ಟು ಹೋದರೆ ಲೈನ್‌ಗೆ ಆಗುವ ನಷ್ಟ

ಮದ್ದೂರು, ಶ್ರೀರಂಗಪಟ್ಟಣ ಕಡೆಯ ಗಾರ್ಮೆಂಟ್ಸ್‌ಗಳಲ್ಲಿ ತಿಂಗಳ ಕೊನೆಗೆ ಸಿಗುವ ಲೆಕ್ಕ ಸಾಮಾನ್ಯವಾಗಿ ಒಂದೇ ಸಾಲಿನದು: 300 ಜನರಲ್ಲಿ 15 ಮಂದಿ ಬಿಟ್ಟರು, ಶೇ. 5. ಪ್ರೊಡಕ್ಷನ್ ನೋಡಿಕೊಳ್ಳುವವರಿಗೆ ಇಷ್ಟರಿಂದ ಏನೂ ತಿಳಿಯುವುದಿಲ್ಲ. ಯಾವ ಆಪರೇಷನ್‌ನವರು (ಕಾಲರ್, ಕಫ್‌ನಂಥ ಯಾವ ಭಾಗ ಹೊಲಿಯುವವರು) ಬಿಟ್ಟರು, ಸೇರಿ ಎಷ್ಟು ದಿನಕ್ಕೆ ಬಿಟ್ಟರು ಅನ್ನುವುದು ಬೇಕು.

ಒಂದು ಶರ್ಟ್ ಲೈನ್ (ಒಬ್ಬರು ಹೊಲಿದದ್ದು ಮುಂದಿನವರಿಗೆ ಹೋಗುವ ಮೆಷಿನ್ ಸಾಲು) ಲೆಕ್ಕಕ್ಕೆ ಹಿಡಿಯಿರಿ. 30 ಟೈಲರ್‌ಗಳು, ದಿನಕ್ಕೆ 480 ನಿಮಿಷ, ಶರ್ಟ್‌ನ ಎಸ್‌ಎಎಂ (ಒಂದು ಪೀಸ್ ಹೊಲಿಯಲು ನಿಗದಿ ಮಾಡಿದ ನಿಮಿಷ) 20. ನೂರಕ್ಕೆ ನೂರು ಎಫಿಷಿಯೆನ್ಸಿಗೆ 720 ಪೀಸ್, ಶೇ. 60ಕ್ಕೆ 432, ಗಂಟೆಗೆ 54. ಕಾಲರ್ ಅಟ್ಯಾಚ್ ಮಾಡುವವರು ಬಿಟ್ಟು, ಆ ಮೆಷಿನ್‌ಗೆ ಕೂತ ಹೊಸಬರು ಗಂಟೆಗೆ 30 ಹಾಕಿದರೆ ಇಡೀ ಲೈನ್ 30ಕ್ಕೆ ಇಳಿಯುತ್ತದೆ. ಬಿಟ್ಟವರ ಪಾಲು ದಿನಕ್ಕೆ 14 ಪೀಸ್ ಅಂತ ಕಾಗದ ಹೇಳುತ್ತದೆ, ಹೊರಗೆ ಬರುವುದರಲ್ಲಿ 192 ಕಡಿಮೆ. ಹಿಂದಿನವರ ಹತ್ತಿರ ಬಂಡಲ್ ರಾಶಿ, ಮುಂದಿನವರಿಗೆ ಕೆಲಸವಿಲ್ಲ.

ಇದರ ಮೇಲೆ ಆಲ್ಟರ್, ಅಂದರೆ ಬಿಚ್ಚಿ ಮತ್ತೆ ಹೊಲಿಯಬೇಕಾದ ಪೀಸ್, ಬೇರೆ. ಕೆಳಗಿನ ಪದರವನ್ನು ಫೀಡ್ ಡಾಗ್ (ಸೂಜಿ ಕೆಳಗಿನ ಹಲ್ಲು) ಎಳೆಯುತ್ತದೆ, ಮೇಲಿನದನ್ನು ಫುಟ್ (ಬಟ್ಟೆ ಒತ್ತಿ ಹಿಡಿಯುವ ಪಾದ) ತಡೆಯುತ್ತದೆ. ಕೈ ಕುದುರದವರು ಕತ್ತಿನ ಸುತ್ತು ಎಳೆದು ಹಿಡಿಯುತ್ತಾರೆ, ನಾಚ್ (ಎರಡು ಭಾಗ ಕೂಡಬೇಕಾದ ಕಡೆಯ ಕತ್ತರಿ ಗುರುತು) ಕೂಡುವುದಿಲ್ಲ, ಉಳಿದ ಬಟ್ಟೆ ಕೊನೆಯಲ್ಲಿ ಸುಕ್ಕಾಗಿ ಕೂರುತ್ತದೆ. ಚೆಕಿಂಗ್‌ನಲ್ಲಿ ವಾಪಸಾದ ಪೀಸ್ ಬಿಚ್ಚಿ ಹೊಲಿಯಲು ಪಳಗಿದ ಟೈಲರ್‌ನ ಸಮಯವೂ ಹೋಗುತ್ತದೆ.

ಇದಕ್ಕೆ ನಾವು ಮಾಡುವುದು ಸ್ಕಿಲ್ ಚಾರ್ಟ್, ಯಾರಿಗೆ ಯಾವ ಕೆಲಸ ಬರುತ್ತದೆ ಅನ್ನುವ ಪಟ್ಟಿ. ಅಡ್ಡಕ್ಕೆ ಆಪರೇಷನ್, ಉದ್ದಕ್ಕೆ ಹೆಸರು. ಕಾಲರ್, ಕಫ್, ಸ್ಲೀವ್ ಅಟ್ಯಾಚ್‌ಗೆ ಟಾರ್ಗೆಟ್‌ನ ಮುಕ್ಕಾಲು ಪಾಲು ಹಾಕಬಲ್ಲವರು ತಲಾ ಮೂವರು ಇರಲೇಬೇಕು. ಎರಡನೆಯ, ಮೂರನೆಯವರನ್ನು ಸರದಿಯ ಮೇಲೆ ಅರ್ಧ ಗಂಟೆ ಆ ಮೆಷಿನ್‌ಗೆ ಕೂರಿಸುತ್ತೇವೆ. ಟಾರ್ಗೆಟ್ ಒತ್ತಡ ಬಂದಾಗ ಮೊದಲು ನಿಲ್ಲಿಸುವುದು ಇದನ್ನೇ, ಅದು ತಪ್ಪು.

ಒಂದೇ ಊರಿನವರನ್ನು ಒಂದೇ ಲೈನ್‌ಗೆ ತುಂಬಬೇಡಿ. ಇಲ್ಲಿ ಕೆಲಸಕ್ಕೆ ಸೇರುವುದೂ ಗುಂಪಾಗಿ, ಬಿಡುವುದೂ ಗುಂಪಾಗಿ. ಮಾರಿಹಬ್ಬವಾಗಲಿ ನಾಟಿಯಾಗಲಿ ಬಂದರೆ ಸಾಲಾಗಿ ಐದು ಮೆಷಿನ್ ಖಾಲಿ. ಫ್ಯಾಕ್ಟರಿ ಬಸ್ಸಿನ ಒಂದು ಸ್ಟಾಪ್ ತೆಗೆದರೂ ಆ ಊರಿನವರು ಒಬ್ಬೊಬ್ಬರಾಗಿ ಬಿಡುತ್ತಾರೆ, ಫಾರಂನಲ್ಲಿ ಮಾತ್ರ ಎಲ್ಲರದೂ ‘ಮನೆ ಕಾರಣ’. ಹಾಗಾಗಿ ಬಿಟ್ಟವರ ಪಟ್ಟಿಯಲ್ಲಿ ಬಸ್ ರೂಟ್‌ಗೂ ಒಂದು ಕಾಲಂ ಇಡಿ.

ಸೇರಿದ ಮೂರು ತಿಂಗಳೊಳಗೆ ಬಿಟ್ಟವರನ್ನು ಬೇರೆಯಾಗಿ ಬರೆಯಿರಿ. ಮಗುವಿಗೆ ಜ್ವರವೆಂದು ಮೂರು ದಿನ ತಪ್ಪಿಸಿಕೊಂಡವರು ಸೂಪರ್‌ವೈಸರ್ ಬೈಯುತ್ತಾರೆಂಬ ಹೆದರಿಕೆಗೇ ಮತ್ತೆ ಬರುವುದಿಲ್ಲ. ಎರಡನೇ ದಿನವೇ ಫೋನ್ ಹೋಗಬೇಕು. ಮಾಡುವವರು ಅದೇ ಲೈನ್‌ನ ಹಳೆಯ ಟೈಲರ್ ಆದರೆ ಒಳ್ಳೆಯದು. ಕೇಳಬೇಕಾದ್ದು ‘ಮಗು ಹೇಗಿದೆಯಮ್ಮ’ ಅಂತ, ‘ಯಾವಾಗ ಬರ್ತೀಯ’ ಅಂತಲ್ಲ. 30ಕ್ಕಿಂತ ಹೆಚ್ಚು ಹೆಂಗಸರಿರುವ ಫ್ಯಾಕ್ಟರಿಯಲ್ಲಿ ಶಿಶುಪಾಲನಾ ಕೊಠಡಿ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ಆ ಕೊಠಡಿಗೆ ಬೀಗ ಹಾಕಿಟ್ಟು ಹೊಸಬರಿಗೆ ಟ್ರೇನಿಂಗ್ ಕೊಡುತ್ತಲೇ ಇದ್ದರೆ, ಕಲಿತವರು ಮನೆಯಲ್ಲೇ ಉಳಿಯುತ್ತಾರೆ.