ಟ್ಯುಲಿಪ್ ಏಪ್ರಿಲಲ್ಲಿ, ಓಡಾಟ ಅಕ್ಟೋಬರಿನಿಂದ

ನಮ್ಮದು ಸಕಲೇಶಪುರದ ಹತ್ತಿರ ಸಣ್ಣ ಕಾಫಿ ತೋಟ. ನಮಗೆ ಬಿಡುವು ಸಿಗುವುದು ಏಪ್ರಿಲಲ್ಲಿ. ಕುಯ್ಲು ಮುಗಿದಿರುತ್ತದೆ, ಮಗಳಿಗೂ ರಜೆ. ನೆದರ್‌ಲ್ಯಾಂಡ್ಸ್‌ನ ಆಮ್‌ಸ್ಟರ್‌ಡ್ಯಾಮ್‌ಗೆ ಊರೂರಿನ ಜನ ನುಗ್ಗುವುದೂ ಆಗಲೇ, ಟ್ಯುಲಿಪ್ ನೋಡೋಕೆ. 2025ರ ಪ್ರವಾಸಕ್ಕೆ ನಾನು ಹಿಂದಿನ ಅಕ್ಟೋಬರಿನಲ್ಲೇ ಕ್ಯಾಲೆಂಡರ್ ಹಿಡಿದು ಕೂತೆ. "ಏಪ್ರಿಲಿಗೆ ಹೋಗೋಕೆ ಈಗ್ಲಿಂದ ಏನವ್ವಾ ಗಡಿಬಿಡಿ?" ಅಂದರು ಅತ್ತೆ.

ಮೊದಲು ಗುರುತು ಹಾಕಿದ್ದು ಹೋಗುವ ದಿನಗಳನ್ನಲ್ಲ, ಅಲ್ಲಿ ಇರಬಾರದ ದಿನಗಳನ್ನು. ಏಪ್ರಿಲ್ 27 ಅಲ್ಲಿನ ರಾಜನ ಹುಟ್ಟುಹಬ್ಬ. ಆ ವರ್ಷ ಅದು ಭಾನುವಾರ ಬಿದ್ದಿದ್ದರಿಂದ 26ಕ್ಕೇ ಆಚರಣೆ. ಊರೆಲ್ಲ ಕಿತ್ತಳೆ ಬಣ್ಣದ ಜಾತ್ರೆ. ನೋಡೋಕೆ ಚೆನ್ನ, ಆದರೆ ಪೆಟ್ಟಿಗೆ ಎಳೆದುಕೊಂಡು ಓಡಾಡೋಕೆ ಆಗಲ್ಲ. 20ಕ್ಕೆ ಈಸ್ಟರ್, ಅದರ ಹಿಂದೆ ಮುಂದೆ ಜನವೋ ಜನ, ಆದರೆ ಅದನ್ನು ಪೂರ್ತಿ ತಪ್ಪಿಸೋಕೆ ಆಗಲಿಲ್ಲ. ಹಾಗಾಗಿ 14ಕ್ಕೆ ಹೊರಟು 24ಕ್ಕೆ ವಾಪಸ್ ಅಂತ ಗಟ್ಟಿ ಮಾಡಿದೆ. ಟ್ಯುಲಿಪ್ ತೋಟಕ್ಕೆ ಈಸ್ಟರ್ ರಜೆ ಶುರುವಾಗೋ ಮುಂಚೆಯೇ, ವಾರದ ಮಧ್ಯೆ ಬೆಳಿಗ್ಗೆ.

ಪಾಸ್‌ಪೋರ್ಟ್ ತೆಗೆದು ನೋಡಿದರೆ ಎದೆ ಧಸಕ್ ಅಂತು. ನಮ್ಮಿಬ್ಬರದ್ದು ಸರಿ ಇತ್ತು. ಮಕ್ಕಳದ್ದು ಐದೇ ವರ್ಷಕ್ಕೆ ಕೊಡುತ್ತಾರೆ ಅಲ್ವಾ, ಮಗಳದ್ದು ಜೂನ್‌ಗೆ ಮುಗಿಯುತ್ತಿತ್ತು. ಷೆಂಗೆನ್ ದೇಶಗಳಿಂದ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳು) ಹೊರಟ ಮೇಲೂ ಪಾಸ್‌ಪೋರ್ಟ್ ಮೂರು ತಿಂಗಳು ಚಾಲ್ತಿಯಲ್ಲಿರಬೇಕು. ಹಾಸನದ ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಕೇಂದ್ರ ಇರುವುದರಿಂದ ಬೆಂಗಳೂರಿಗೆ ಹೋಗುವುದು ತಪ್ಪಿತು. ಇದೇ ವಿಷಯ ಫೆಬ್ರುವರಿಯಲ್ಲಿ ಗೊತ್ತಾಗಿದ್ದರೆ ಪ್ರವಾಸವೇ ಇರುತ್ತಿರಲಿಲ್ಲ.

ರೂಮನ್ನು ಅದೇ ವಾರ ಹಿಡಿದೆ, ರದ್ದು ಮಾಡಿದರೆ ದುಡ್ಡು ಕಳೆಯದಂಥದ್ದು. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅಲ್ಲ, ಹಾರ್ಲೆಮ್‌ನಲ್ಲಿ. ರೈಲಿನಲ್ಲಿ ಕಾಲು ಗಂಟೆ ದಾರಿ. ಆಮ್‌ಸ್ಟರ್‌ಡ್ಯಾಮ್ ಹೋಟೆಲುಗಳಲ್ಲಿ ಬಾಡಿಗೆಯ ಮೇಲೆ ಶೇ 12.5ರಷ್ಟು ಪ್ರವಾಸಿ ತೆರಿಗೆ ಬೇರೆ.

ನಮ್ಮಂಥವರಿಗೆ ನಿಜವಾದ ತಲೆನೋವು ವೀಸಾ. ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ಆದರೆ ಅಕ್ಟೋಬರಿನಲ್ಲಿ ನಮ್ಮ ಖಾತೆಯಲ್ಲಿ ಏನಿರುತ್ತದೆ? ಕಾಫಿ ಮಾರಿದ ಮೇಲೇ ತಾನೇ ದುಡ್ಡು. ಸಂಬಳದವರಿಗೆ ತಿಂಗಳು ತಿಂಗಳು ಹಣ ಬಿದ್ದಿದ್ದು ಕಾಣುತ್ತದೆ. ನಮಗೆ ಜನವರಿಯಲ್ಲಿ ಒಂದೇ ಸಲ ದೊಡ್ಡ ಮೊತ್ತ ಬೀಳುತ್ತದೆ. ನೋಡುವವರಿಗೆ ಯಾರೋ ಸಾಲ ತಂದು ಹಾಕಿದಂತೆ ಕಾಣಬಾರದಲ್ಲ! ಅದಕ್ಕೆ ಅರೇಬಿಕಾ ಪಾರ್ಚ್‌ಮೆಂಟ್ (ಸಿಪ್ಪೆ ಸುಲಿದು, ತೊಳೆದು ಒಣಗಿಸಿದ ಕಾಫಿ ಬೀಜ) ಮಾರಿದ ಬಿಲ್ಲುಗಳು, ಹಿಂದಿನ ಎರಡು ವರ್ಷದ್ದೂ ಸೇರಿಸಿ, ಇಂಗ್ಲಿಷಿಗೆ ಅನುವಾದ ಮಾಡಿಸಿದ ಪಹಣಿ, ಜೊತೆಗೆ ಒಂದು ಪುಟದ ಪತ್ರ ಇಟ್ಟೆ. ನಮ್ಮಲ್ಲಿ ಕುಯ್ಲು ಯಾವಾಗ, ದುಡ್ಡು ಯಾವಾಗ ಬರುತ್ತದೆ ಅಂತ ಸರಳವಾಗಿ ಬರೆದಿದ್ದೆ. ನನ್ನ ಪ್ರಕಾರ ಕೆಲಸ ಮಾಡಿದ್ದು ಆ ಪತ್ರವೇ. ಬೆಂಗಳೂರಿನ ವೀಸಾ ಕೇಂದ್ರದ ದಿನವನ್ನು ಡಿಸೆಂಬರಿನಲ್ಲೇ ಕಾದಿರಿಸಿದ್ದೆ. ಸಿಕ್ಕಿದ್ದು ಜನವರಿ ಕೊನೆ, ಅದೂ ನಮ್ಮ ಇನ್ನೊಂದು ಕಾಫಿ ತಳಿ ರೋಬಸ್ಟಾದ ಕುಯ್ಲಿನ ನಡುವೆ. "ಆಳು ಸಿಕ್ಕಿರೋ ದಿನಾನೇ ಬೇಕಿತ್ತಾ ನಿಂಗೆ?" ಅಂತ ಯಜಮಾನರು ದಾರಿಯುದ್ದಕ್ಕೂ ಗೊಣಗಿದರು. ತಲೆಗೆ 90 ಯೂರೋ ಶುಲ್ಕ, 30,000 ಯೂರೋ ಚಿಕಿತ್ಸೆಗೆ ಆಗುವ ವಿಮೆ.

ಇನ್ನು ಆನ್ ಫ್ರಾಂಕ್ ಮನೆ. ಮಗಳ ಒಂದೇ ಹಟ, ಅದನ್ನು ನೋಡಲೇಬೇಕು. ಡೈರಿ ಬರೆದ ಆ ಯಹೂದಿ ಹುಡುಗಿ 1942ರಿಂದ 1944ರವರೆಗೆ ನಾಜಿಗಳಿಗೆ ಹೆದರಿ ಅಡಗಿದ್ದ ಜಾಗ. ಟಿಕೆಟ್ ಆನ್‌ಲೈನಿನಲ್ಲಿ ಮಾತ್ರ. ಪ್ರತಿ ಮಂಗಳವಾರ ಅಲ್ಲಿನ ಬೆಳಿಗ್ಗೆ ಹತ್ತಕ್ಕೆ, ಆರು ವಾರದ ನಂತರದ ಟಿಕೆಟ್ ಬಿಡುತ್ತಾರೆ. ಮುಂಚೆ ಕೇಳಿದರೂ ಇಲ್ಲ, ಆಮೇಲೆ ಕೇಳಿದರೆ ಖಾಲಿ. ದುಡ್ಡಿದ್ದರೂ ಸಿಗದ ವಸ್ತು ಇದೊಂದೇ, ಅದಕ್ಕೇ ಮಾರ್ಚ್ 4ಕ್ಕೆ ಕೆಂಪು ಇಂಕಿನಲ್ಲಿ ಸುತ್ತು ಹಾಕಿದ್ದೆ.

ಆವತ್ತು ಮಧ್ಯಾಹ್ನ ಒಂದೂವರೆಗೇ ಅಮ್ಮ ಮಗಳು ಲ್ಯಾಪ್‌ಟಾಪ್ ಮುಂದೆ ಕೂತೆವು. ಏನೂ ಬರಲಿಲ್ಲ. ನಾನು ಏಪ್ರಿಲಿನ ಲೆಕ್ಕ ಹಾಕಿಬಿಟ್ಟಿದ್ದೆ. ಅಲ್ಲಿ ಮಾರ್ಚ್ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. ಅಲ್ಲಿಯವರೆಗೆ ನಮಗೂ ಅವರಿಗೂ ನಾಲ್ಕೂವರೆ ಗಂಟೆ ಅಂತರ, ಆಮೇಲೆ ಮೂರೂವರೆ. ಅಂದರೆ ಎರಡೂವರೆಗೆ ತೆರೆಯಬೇಕಿತ್ತು. ಎರಡು ಕಾಲಿಗೆ ಸರಿಯಾಗಿ ಕರೆಂಟ್ ಹೋಯಿತು! ಮನೆಯೊಳಗೆ ಮೊಬೈಲ್ ಸಿಗ್ನಲ್ ಸಿಗಲ್ಲ. ಇಬ್ಬರೂ ಕಣಕ್ಕೆ ಓಡಿ, ಒಣಗಲು ಹರಡಿದ್ದ ಕಾಫಿ ಹಣ್ಣಿನ ಪಕ್ಕ ಉರಿಬಿಸಿಲಲ್ಲಿ ನಿಂತು, ಆನ್‌ಲೈನ್ ಸಾಲಿನಲ್ಲಿ ನಮ್ಮ ಸಂಖ್ಯೆ ಇಳಿಯೋದನ್ನೇ ನೋಡುತ್ತಿದ್ದೆವು. ಕಡೆಗೆ ರಾತ್ರಿ ಎಂಟರ ಮೂರು ಟಿಕೆಟ್ ಸಿಕ್ಕಿತು. ಏಪ್ರಿಲಲ್ಲಿ ಅಲ್ಲಿ ಎಂಟೂವರೆಗೂ ಬೆಳಕಿರುತ್ತದೆ, ತೊಂದರೆ ಆಗಲಿಲ್ಲ.

ಚಿತ್ರಕಾರ ವ್ಯಾನ್ ಗೋ ಮ್ಯೂಸಿಯಂಗೂ ಮೊದಲೇ ಸಮಯ ಹಿಡಿಯಬೇಕು, ಆದರೆ ಅಷ್ಟು ಪರದಾಟವಿಲ್ಲ. ಉಳಿದ ದಿನಗಳನ್ನು ನಾನು ಸುಮ್ನೆ ಖಾಲಿ ಬಿಟ್ಟಿದ್ದೆ. ಕಾಲುವೆ ದಂಡೆಯಲ್ಲಿ ನಡೆಯೋಕೆ ಟಿಕೆಟ್ ಯಾಕೆ?

ಟ್ಯುಲಿಪ್ ತೋಟ ಕ್ಯೂಕೆನ್‌ಹಾಫ್ ವರ್ಷಕ್ಕೆ ಸುಮಾರು ಎಂಟು ವಾರ ಮಾತ್ರ ತೆರೆದಿರುತ್ತದೆ. ಅಷ್ಟಕ್ಕಾಗಿ ಸುಮಾರು 70 ಲಕ್ಷ ಗೆಡ್ಡೆ ನೆಡುತ್ತಾರಂತೆ. ನಾವು ಬಾಗಿಲು ತೆರೆದ ತಕ್ಷಣ ಒಳಗೆ ಹೋದೆವು. ಹತ್ತೂವರೆಯ ಹೊತ್ತಿಗೆ ಬಸ್ಸುಗಳು ಬಂದು ಜನ ತುಂಬಿಕೊಂಡರು. ಅಷ್ಟರಲ್ಲಿ ನಮ್ಮ ಫೋಟೋ ಎಲ್ಲ ಮುಗಿದಿತ್ತು. ಯಜಮಾನರು ಮಾತ್ರ ಹೂವಿಗೆ ಬೆನ್ನು ಹಾಕಿ ಫೋನಿನಲ್ಲಿದ್ದರು. ನಮ್ಮ ಕಾಫಿ ತೋಟಕ್ಕೆ ಒಂದಿಂಚು ಮಳೆ ಬಿದ್ದಿದೆಯಂತೆ, ತೋಟದ ಕೆಲಸ ನೋಡಿಕೊಳ್ಳುವ ರೈಟರ ಫೋನು.