ಪೆಟ್ರೋಲ್ ಸೋರಿದ ಜಾಗದ ನೀರು: ಸ್ಯಾಂಪಲ್ ಹಿಡಿಯುವುದು ಹೇಗೆ?

ಬಂಕ್‌ನ ನೆಲದಡಿಯ ಟ್ಯಾಂಕ್ ಸೋರಿ, ಪೆಟ್ರೋಲ್ ಅಂತರ್ಜಲಕ್ಕೆ ಇಳಿದಿದೆ ಅಂದುಕೊಳ್ಳಿ. ಆ ನೀರನ್ನು ಪಂಪ್‌ನಿಂದ ಮೇಲೆತ್ತಿ, ಗಾಳಿ ಹಾಯಿಸಿ, ಇದ್ದಿಲು ತುಂಬಿದ ಎರಡು ಟ್ಯಾಂಕ್‌ಗಳಲ್ಲಿ ಸೋಸಿ ಹೊರಗೆ ಬಿಡುತ್ತಾರೆ. ಹೀಗೆ ಹೊರಗೆ ಬಂದ ನೀರು ನಿಜಕ್ಕೂ ಶುದ್ಧವಾಗಿದೆಯಾ ಎಂದು ನೋಡುವುದೇ ನಮ್ಮ ಕೆಲಸ. ಬೆಂಗಳೂರಿನ ಸೈಟ್‌ಗಳಲ್ಲಿ ಈ ಕೆಲಸ ಕೆಡುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಒಂದು ಮಾತು ಮೊದಲೇ ತಿಳಿದಿರಲಿ. ಪೆಟ್ರೋಲಿನಲ್ಲಿರುವ ಬೆಂಜೀನ್ ಕ್ಯಾನ್ಸರ್ ತರುವ ವಸ್ತು. ಅದು ಗಾಳಿಗೆ ಬೇಗ ಹಾರಿಹೋಗುತ್ತದೆ. ಹಾಗಾಗಿ ಸ್ಯಾಂಪಲ್ ಕೆಟ್ಟದಾಗಿ ಹಿಡಿದಷ್ಟೂ ನೀರು ರಿಪೋರ್ಟಿನಲ್ಲಿ ಒಳ್ಳೇದಾಗಿ ಕಾಣುತ್ತದೆ.

1. ಟಿಡಿಎಸ್ ಪೆನ್ ಒಳಗಿಡಿ

ಮನೆಯ ಆರ್‌ಒ ನೀರು ನೋಡುವ ಪೆನ್ ಇಲ್ಲಿ ಕೆಲಸಕ್ಕೆ ಬಾರದು. ಅದು ಅಳೆಯುವುದು ಉಪ್ಪಿನಂಶವನ್ನು, ಪೆಟ್ರೋಲನ್ನಲ್ಲ. ಮೂಗನ್ನೂ ನಂಬಬೇಡಿ. ಕುಡಿಯುವ ನೀರಿನಲ್ಲಿ ಬೆಂಜೀನ್ ಲೀಟರ್‌ಗೆ 10 ಮೈಕ್ರೋಗ್ರಾಂ ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದರ ವಾಸನೆ ಮೂಗಿಗೆ ತಟ್ಟಬೇಕಾದರೆ ಹೆಚ್ಚುಕಡಿಮೆ ಅದರ ಸಾವಿರ ಪಟ್ಟು ಇರಬೇಕು.

2. ಲ್ಯಾಬ್‌ನಿಂದಲೇ ಶೀಶೆ ತನ್ನಿ

40 ಮಿಲಿಯ ಗಾಜಿನ ಶೀಶೆ, ಮುಚ್ಚಳದೊಳಗೆ ಟೆಫ್ಲಾನ್ ಪದರ. ಇದು ಬಿಟ್ಟು ಬೇರೆ ಬೇಡ. ಕುಡಿಯುವ ನೀರಿನ ಖಾಲಿ ಪ್ಲಾಸ್ಟಿಕ್ ಬಾಟ್ಲಿ ತೊಳೆದು ತುಂಬಿಸುವವರಿದ್ದಾರೆ. ಆ ಫಲಿತಾಂಶವನ್ನು ಯಾರೂ ಒಪ್ಪಬಾರದು.

3. ಶುದ್ಧದಿಂದ ಕೊಳಕಿನ ಕಡೆಗೆ

ಮೂರು ಕಡೆ ಹಿಡಿಯಬೇಕು. ಮೊದಲು ಕೊನೆಯ ನಲ್ಲಿ, ಆಮೇಲೆ ಎರಡು ಟ್ಯಾಂಕ್‌ಗಳ ನಡುವಿನ ನಲ್ಲಿ, ಕೊನೆಗೆ ಒಳಬರುವ ನೀರು. ನಡುವಿನ ನಲ್ಲಿಯೇ ನಿಮ್ಮ ಕಾವಲುಗಾರ. ಇದ್ದಿಲು ತುಂಬಿಹೋಗುವಾಗ ಪೆಟ್ರೋಲಿನಲ್ಲೇ ಇರುವ ಟಾಲೂಯೀನ್, ಕ್ಸೈಲೀನ್ ಎಂಬ ರಾಸಾಯನಿಕಗಳಿಗಿಂತ ಮುಂಚೆ ಬೆಂಜೀನ್ ನುಸುಳುತ್ತದೆ. ನಡುವೆ ಅದು ಕಂಡರೆ ಮೊದಲ ಟ್ಯಾಂಕ್‌ನ ಇದ್ದಿಲು ಬದಲಿಸಿ. ಖರ್ಚು ಉಳಿಸಲು ಈ ನಲ್ಲಿಯನ್ನು ಬಿಟ್ಟು ಕೊನೆಯದನ್ನಷ್ಟೇ ನೋಡುವವರಿಗೆ ವಿಷಯ ತಿಳಿಯುವ ಹೊತ್ತಿಗೆ ನೀರು ಹೊರಗೆ ಹೋಗಿರುತ್ತದೆ.

4. ಶೀಶೆ ತುಂಬಿಸುವುದು

ಎಲ್ಲರೂ ಎಡವುವುದು ಇಲ್ಲೇ. ನಿಧಾನವಾಗಿ ಮಾಡಿ.

ದಾರಿಯಲ್ಲಿ ಗಾಡಿಗೆ ಪೆಟ್ರೋಲ್ ಹಾಕಿಸಿದ್ದರೆ ಮೊದಲು ಸೋಪು ಹಚ್ಚಿ ಕೈ ತೊಳೆಯಿರಿ, ಹೊಸ ಕೈಗವಸು ಹಾಕಿ. ಜನರೇಟರ್ ಹತ್ತಿರ ನಿಲ್ಲಬೇಡಿ. ಲೇಬಲ್ ಮೇಲೆ ಮಾರ್ಕರ್ ಪೆನ್ನಿನಲ್ಲಿ ಬರೆಯಬೇಡಿ, ಅದರ ಶಾಯಿಯಲ್ಲೇ ಕ್ಸೈಲೀನ್ ಇರಬಹುದು. ನನ್ನ ಜೇಬಿನಲ್ಲಿ ಇರುವುದು ಬಾಲ್ ಪೆನ್ ಮಾತ್ರ.

ನಲ್ಲಿಗೆ ಸಿಕ್ಕಿಸಿದ ರಬ್ಬರ್ ಪೈಪ್ ಕಿತ್ತುಹಾಕಿ. ನೀರನ್ನು ಕೆಲವು ನಿಮಿಷ ಹರಿಯಲು ಬಿಡಿ. ಆಮೇಲೆ ನಲ್ಲಿ ತಿರುಗಿಸಿ ಧಾರೆಯನ್ನು ಪೆನ್ಸಿಲ್‌ಗಿಂತ ಸಣ್ಣದು ಮಾಡಿ. ಶೀಶೆಯನ್ನು ಓರೆಯಾಗಿ ಹಿಡಿದು, ನೀರು ಒಳಗೋಡೆಯ ಮೇಲೆ ಜಾರಿ ಇಳಿಯುವಂತೆ ತುಂಬಿಸಿ. ಸದ್ದಾಗಬಾರದು, ನೊರೆ ಬರಬಾರದು. ಚಹಾ ಆರಿಸುವ ಹಾಗೆ ಮೇಲಿಂದ ಸುರಿದರೆ ಬೆಂಜೀನ್ ಅಲ್ಲೇ ಹಾರಿಹೋಗುತ್ತದೆ.

ಶೀಶೆಯೊಳಗೆ ಲ್ಯಾಬ್‌ನವರು ಹಾಕಿಟ್ಟ ಒಂದೆರಡು ಹನಿ ಹೈಡ್ರೋಕ್ಲೋರಿಕ್ ಆಸಿಡ್ ಇರುತ್ತದೆ. ಬೆಂಜೀನ್ ತಿನ್ನುವ ಬ್ಯಾಕ್ಟೀರಿಯಾ ಬೆಳೆಯದಿರಲಿ ಅಂತ ಅದು. ಹಾಗಾಗಿ ಶೀಶೆಯನ್ನು ತೊಳೆಯಬೇಡಿ, ತುಂಬಿ ಚೆಲ್ಲುವಂತೆಯೂ ಮಾಡಬೇಡಿ. ಬಾಯಿಯ ಮೇಲೆ ನೀರು ಸಣ್ಣಗೆ ಉಬ್ಬಿ ನಿಂತಾಗ ಸಾಕು. ತಕ್ಷಣ ಮುಚ್ಚಳ ಬಿಗಿ ಮಾಡಿ.

ಈಗ ಶೀಶೆಯನ್ನು ತಲೆಕೆಳಗು ಮಾಡಿ, ಬೆರಳಿನಿಂದ ತಟ್ಟಿ, ಬೆಳಕಿಗೆ ಹಿಡಿಯಿರಿ. ಗುಳ್ಳೆ ಕಂಡಿತಾ? ಬಟಾಣಿ ಗಾತ್ರದವರೆಗೂ ಪರವಾಗಿಲ್ಲ ಎನ್ನುವ ನಿಯಮಗಳಿವೆ. ನಾನು ಸಾಸಿವೆಯಷ್ಟಿದ್ದರೂ ಒಪ್ಪುವುದಿಲ್ಲ. ಮುಚ್ಚಳ ತೆಗೆದು ಇನ್ನಷ್ಟು ನೀರು ಸೇರಿಸಬೇಡಿ. ಆ ಶೀಶೆ ಪಕ್ಕಕ್ಕಿಟ್ಟು ಹೊಸದನ್ನು ತುಂಬಿಸಿ.

ನಮ್ಮ ಬೋರ್‌ವೆಲ್ ನೀರಿನಲ್ಲಿ ಗಡಸು ಜಾಸ್ತಿ ಅಲ್ವಾ? ಕೆಲವು ಕಡೆ ಆಸಿಡ್ ತಾಗಿದ ಕೂಡಲೇ ನೀರು ಗುಳುಗುಳು ಅನ್ನುತ್ತದೆ. ಆ ಗುಳ್ಳೆಗಳ ಜೊತೆ ಬೆಂಜೀನೂ ಹೋಗುತ್ತದೆ. ಅಂಥ ಕಡೆ ಆಸಿಡ್ ಇಲ್ಲದ ಶೀಶೆ ಬಳಸಿ, 14 ದಿನದ ಬದಲು 7 ದಿನದೊಳಗೆ ಪರೀಕ್ಷೆ ಮಾಡಿಸಿ.

5. ಐಸ್

ನಿಜವಾದ ಐಸ್ ತುಂಬಿದ ಪೆಟ್ಟಿಗೆ ಬೇಕು. ನೀಲಿ ಜೆಲ್ ಪ್ಯಾಕ್‌ಗಳು ನಮ್ಮ ಟ್ರಾಫಿಕ್‌ನಲ್ಲಿ ಅರ್ಧ ದಾರಿಗೇ ಬಿಸಿಯಾಗುತ್ತವೆ. ಲ್ಯಾಬ್‌ನಲ್ಲೇ ಶುದ್ಧ ನೀರು ತುಂಬಿದ ಒಂದು ಶೀಶೆಯನ್ನೂ ಪೆಟ್ಟಿಗೆಯಲ್ಲಿ ಜೊತೆಗೆ ಒಯ್ಯಿರಿ, ತೆರೆಯದೆ ವಾಪಸ್ ಕೊಡಿ. ಅದರಲ್ಲಿ ಬೆಂಜೀನ್ ಸಿಕ್ಕರೆ ಅದು ಸೈಟಿನ ನೀರಿನದೇ ಎನ್ನಲಾಗದು, ದಾರಿಯಲ್ಲೋ ಲ್ಯಾಬ್‌ನಲ್ಲೋ ಸೇರಿರಬಹುದು.

6. ರಿಪೋರ್ಟ್ ಓದುವುದು

‘ಬಿಡಿಎಲ್’ ಎಂದು ಬರೆದಿದ್ದರೆ ಸುಮ್ನೆ ಖುಷಿಪಡಬೇಡಿ. ಲ್ಯಾಬ್‌ನ ಯಂತ್ರ ಗುರುತಿಸಬಲ್ಲ ಮಟ್ಟಕ್ಕಿಂತ ಕಡಿಮೆ ಇದೆ ಎಂದಷ್ಟೇ ಅದರ ಅರ್ಥ. ಆ ಮಟ್ಟ ಎಷ್ಟು ಎಂದು ಕೇಳಿ. ಅದು 100 ಮೈಕ್ರೋಗ್ರಾಂ ಆಗಿದ್ದರೆ 10ರ ಮಿತಿಯ ಬಗ್ಗೆ ಆ ರಿಪೋರ್ಟ್ ಏನೂ ಹೇಳುತ್ತಿಲ್ಲ. ಒಮ್ಮೆ ಒಂದು ಅಪಾರ್ಟ್‌ಮೆಂಟ್‌ನವರು ಇಂಥ ರಿಪೋರ್ಟನ್ನು ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕಿದ್ದರು. ನೋಡಿ ಸಂಕಟವಾಯಿತು.

7. ಮಳೆಗಾಲ

ಪೆಟ್ರೋಲ್ ನೀರಿಗಿಂತ ಹಗುರ. ನೀರಿನ ಮಟ್ಟ ಇಳಿದಾಗ ಅದು ಮೇಲಿನ ಮಣ್ಣಿನಲ್ಲಿ, ಕಲ್ಲಿನ ಸೀಳುಗಳಲ್ಲಿ ಅಂಟಿಕೊಂಡು ಉಳಿಯುತ್ತದೆ. ಮಳೆ ಬಂದು ನೀರು ಏರಿದಾಗ ಮತ್ತೆ ಕರಗುತ್ತದೆ. ಬೇಸಿಗೆಯ ಒಳ್ಳೆಯ ಫಲಿತಾಂಶ ನೋಡಿ ಪಂಪ್ ಬಿಚ್ಚಿಕೊಂಡು ಹೋಗಬೇಡಿ. ನಿಲ್ಲಿಸಿದ ಮೇಲೂ ಸುತ್ತಲಿನ ಬೋರ್‌ವೆಲ್‌ಗಳ ನೀರನ್ನು ಕನಿಷ್ಠ ಒಂದು ವರ್ಷ ಪರೀಕ್ಷಿಸಿ. ಮೇ ತಿಂಗಳಲ್ಲಿ ಒಮ್ಮೆ, ಮಳೆ ನಿಂತು ನವೆಂಬರ್ ಬಂದ ಮೇಲೆ ಇನ್ನೊಮ್ಮೆ ತಪ್ಪದೇ ಮಾಡಿಸಿ.