ಹ್ಯಾಂಡ್‌ಹೆಲ್ಡ್ ಕೊಳ್ಳುವ ಆಸೆಯೇ? ಮೊದಲು ಫೋನಿನಲ್ಲೇ ಆಡಿ ನೋಡಿ

ಕೈಯಲ್ಲಿ ಹಿಡಿದು ಪಿಸಿ ಆಟಗಳನ್ನಾಡುವ ಸ್ಟೀಮ್ ಡೆಕ್ ಎಂಬ ಹ್ಯಾಂಡ್‌ಹೆಲ್ಡಿನ ವಿಡಿಯೋ ನೋಡಿದಾಗಲೆಲ್ಲ ಕೊಂಡುಬಿಡೋಣ ಅನ್ನಿಸುತ್ತದೆ, ಅಲ್ವಾ? ಸ್ವಲ್ಪ ತಡೆಯಿರಿ. ಮನೆಯಲ್ಲಿ ಗೇಮಿಂಗ್ ಪಿಸಿ ಇದ್ದರೆ ಫೋನಿಗೆ ಸ್ಟೀಮ್ ಲಿಂಕ್ ಆ್ಯಪ್ ಹಾಕಿಕೊಳ್ಳಿ. ದುಡ್ಡು ಕೊಡಬೇಕಿಲ್ಲ. ಆಟ ಓಡುವುದು ಪಿಸಿಯಲ್ಲೇ, ಅದರ ಚಿತ್ರ ಮಾತ್ರ ಫೋನಿಗೆ ಬರುತ್ತದೆ. ಪಿಸಿಯನ್ನು ಕೇಬಲ್‌ನಲ್ಲಿ ರೌಟರಿಗೆ ಜೋಡಿಸಿ, ಫೋನ್ 5 ಗಿಗಾಹರ್ಟ್ಸ್ ವೈಫೈನಲ್ಲಿರಲಿ. ವೈಫೈ ಮೇಲೇ ಎರಡೂ ಓಡಿದರೆ ಆಟ ತಡವರಿಸುತ್ತದೆ, ಆಮೇಲೆ ಸುಮ್ನೆ ಆ್ಯಪನ್ನು ಬೈಯುತ್ತೀರಿ. ಬ್ಲೂಟೂತ್ ಕಂಟ್ರೋಲರ್ ಒಂದಿದ್ದರೆ ಸಾಕು. ಮಂಚದ ಮೇಲೆ ಮಲಗಿ ಆಡುವ ಆಸೆ ಎಷ್ಟೋ ಜನರಿಗೆ ಇಷ್ಟರಲ್ಲೇ ತೀರುತ್ತದೆ.

ಹೊರಗೆ ಆಡಲು ಬೇಕೇ ಬೇಕು ಅನ್ನುವವರು ಬ್ಯಾಟರಿ ನೋಡಿ. 2022ರ ಮೊದಲ ಡೆಕ್‌ಗೆ ಕಂಪನಿಯೇ ಹೇಳುವುದು 2ರಿಂದ 8 ಗಂಟೆ. ದೊಡ್ಡ ಆಟಗಳಿಗೆ 2 ಅಂತಲೇ ಇಟ್ಟುಕೊಳ್ಳಿ. ತೂಕ 669 ಗ್ರಾಂ. ಮೆಟ್ರೋದಲ್ಲಿ ನಿಂತು ಆಡಲು ಆಗದ ಮಾತು.

ಡೆಕ್ ಓಡುವುದು ವಿಂಡೋಸ್ ಮೇಲಲ್ಲ, ಲಿನಕ್ಸ್ ಮೇಲೆ. ವ್ಯಾಲೊರಂಟ್, ಫೋರ್ಟ್‌ನೈಟ್ ಅದರಲ್ಲಿ ನೇರವಾಗಿ ಓಡುವುದಿಲ್ಲ. ಗೆಳೆಯರ ಜೊತೆ ಅವನ್ನೇ ಜಾಸ್ತಿ ಆಡುವವರಿಗೆ ವಿಂಡೋಸ್ ಇರುವ ರಾಗ್ ಆಲೈ ಥರದ ಹ್ಯಾಂಡ್‌ಹೆಲ್ಡ್ ವಾಸಿ. ಅದು 2023ರಿಂದ ಭಾರತದಲ್ಲಿ ಅಧಿಕೃತವಾಗಿಯೇ ಸಿಗುತ್ತಿದೆ. ಇಲ್ಲಿನ ಅಂಗಡಿಗಳಲ್ಲಿ ಕಾಣುವ ಡೆಕ್, ನಿಂಟೆಂಡೊ ಸ್ವಿಚ್ ಹೊರಗಿನಿಂದ ತರಿಸಿದವು. ಕೆಟ್ಟರೆ ಅಂಗಡಿಯವರ ಮಾತೇ ವಾರಂಟಿ. ಅದನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಎರಡೂ ಸ್ಟಿಕ್‌ಗಳಿಂದ ಬೆರಳು ತೆಗೆದು ನೋಡಿ. ಆಟದ ಪಾತ್ರ ತಾನಾಗಿಯೇ ನಡೆಯುತ್ತಿದ್ದರೆ ವಾಪಸ್ ಕೊಟ್ಟುಬಿಡಿ.